ಮಹಾನವಮಿಯ ಮಲ್ಲರಂಗ

ಗೋಕರ್ಣದ ಓಂ ಬೀಚ್ ನೋಡಲು ಹೋದವರು ಅದೇ ಕರಾವಳಿಯ ಭಟ್ಕಳವನ್ನೂ ನೆನೆಯಬೇಕು. ವರ್ಷಕ್ಕೆ ಐದಾರು ಸಾವಿರ ಹೇರಿನ ಎತ್ತುಗಳು ಆ ಬಂದರಿಗೆ ಬರುತ್ತಿದ್ದವೆಂದು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿದ್ದಾನೆ. ಭಟ್ಕಳದೊಡನೆ ವ್ಯಾಪಾರ ನಡೆಸುತ್ತಿದ್ದ ವಿಜಯನಗರದಲ್ಲಿ ನಾಡಿನ ಹಳೆಯ ಕ್ರೀಡಾಂಗಣವೊಂದಿತ್ತು. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಪಾಯೆಸ್ ಅಲ್ಲಿನ ಮಹಾನವಮಿ ಉತ್ಸವವನ್ನು ಕಣ್ಣಾರೆ ಕಂಡ.

ಹಂಪಿಯ ಮಹಾನವಮಿ ದಿಬ್ಬದ ಮುಂದೆ ಇಂದು ಇರುವುದು ಬರಿಯ ಬಯಲು. ಪಾಯೆಸ್ ಕಂಡದ್ದಾದರೋ ಬಟ್ಟೆ ಹೊದಿಸಿದ ಎತ್ತರದ ಮರದ ಮಂಟಪಗಳು, ಕಿಕ್ಕಿರಿದ ಜನ, ದೊರೆಯ ಎದುರು ಸೆಣಸುವ ಮಲ್ಲರು. ಹೊಡೆತಕ್ಕೆ ಹಲ್ಲುಗಳು ಮುರಿಯುತ್ತಿದ್ದವು. ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಆದರೂ ಅದು ಬರಿಯ ಹೊಡೆದಾಟವಲ್ಲ. ಇಬ್ಬರನ್ನೂ ಸರಿಸಮವಾಗಿ ನಿಲ್ಲಿಸಲು, ಗೆದ್ದವನಿಗೆ ಮನ್ನಣೆ ಕೊಡಲು ತೀರ್ಪುಗಾರರಿದ್ದರು. ಅವನ ನಂತರ ಬಂದ ನೂನಿಜ್, ಮಲ್ಲರು ಕೈಯಲ್ಲಿ ಹಿಡಿಯುತ್ತಿದ್ದ ಮೊನೆಯುಳ್ಳ ಬಳೆಗಳನ್ನು ಹೇಳುತ್ತಾನೆ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ಬಲ್ಲವರಿಗೆ ಇದು ಅಪರಿಚಿತವಲ್ಲ.

1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು. ಕಲ್ಲು ಉಳಿಯಿತು, ಮರ, ಬಟ್ಟೆ, ಜನ ಉಳಿಯಲಿಲ್ಲ. ಕಲ್ಲು ನಮಗೆ ಜಾಗವನ್ನು ತೋರಿಸುತ್ತದೆ. ಆ ಆಟಕ್ಕೊಂದು ನ್ಯಾಯವಿತ್ತು ಎಂಬುದು ತಿಳಿದದ್ದು ಪ್ರವಾಸಿಯೊಬ್ಬ ಬರೆದಿಟ್ಟದ್ದರಿಂದ. ಪ್ರವಾಸ ಹೋದಾಗ ನೀವೂ ಕಂಡದ್ದನ್ನು ಬರೆದಿಡಿ.