ಅಮೆರಿಕನ್ ಫುಟ್‌ಬಾಲ್: ಚೆಂಡು ನಿಂತ ಮೇಲೆ 40 ಸೆಕೆಂಡ್‌ನಲ್ಲಿ ಅಂಪೈರ್‌ಗಳು ಮಾಡುವುದೇನು?

1990ರ ಅಕ್ಟೋಬರ್ 6. ಅಮೆರಿಕದ ಕೊಲರಾಡೊ ಮತ್ತು ಮಿಸ್ಸೌರಿ ವಿಶ್ವವಿದ್ಯಾಲಯಗಳ ನಡುವಿನ ಫುಟ್‌ಬಾಲ್ ಪಂದ್ಯದ ಕೊನೆಯ ಕ್ಷಣಗಳು. ನಿಯಮದಂತೆ ಕೊಲರಾಡೊಗೆ ಸಿಗಬೇಕಿದ್ದದ್ದು ನಾಲ್ಕು ಅವಕಾಶ. ಸಿಕ್ಕಿದ್ದು ಐದು! ಐದನೆಯದರಲ್ಲಿ ಟಚ್‌ಡೌನ್ ಬಾರಿಸಿದ ತಂಡ 33-31ರಿಂದ ಗೆದ್ದಿತು. ಎಡವಟ್ಟಾಗಿದ್ದು ಆಟ ನಡೆಯುವಾಗಲ್ಲ. ಟೈಮ್‌ಔಟ್ ವೇಳೆ ಡೌನ್ ಸಂಖ್ಯೆ ತೋರಿಸುವ ಫಲಕವನ್ನು ಎರಡರಿಂದ ಮೂರಕ್ಕೆ ಬದಲಿಸಲಿಲ್ಲ, ಅಷ್ಟೇ. ಮೈದಾನದಲ್ಲಿದ್ದ ಅಧಿಕಾರಿಗಳೂ ಗಮನಿಸಲಿಲ್ಲ.

ಇದು ನಾವು ನೋಡುವ ಫುಟ್‌ಬಾಲ್ ಅಲ್ಲ. ಅದನ್ನು ಅಮೆರಿಕದವರು ಸಾಕರ್ ಎನ್ನುತ್ತಾರೆ. ಇಲ್ಲಿ ಆಟ ಬಿಡಿ ಬಿಡಿಯಾಗಿ ಸಾಗುತ್ತದೆ. ಕೆಲವೇ ಸೆಕೆಂಡ್‌ಗಳ ಒಂದು ಯತ್ನಕ್ಕೆ ‘ಡೌನ್’ ಎಂದು ಹೆಸರು. ನಾಲ್ಕು ಡೌನ್‌ಗಳಲ್ಲಿ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮೈದಾನದಲ್ಲಿ ಏಳು ಮಂದಿ ಅಧಿಕಾರಿಗಳಿರುತ್ತಾರೆ. ಚೆಂಡು ಓಡುವಾಗಿನ ಕೆಲಸ ಟಿವಿಯಲ್ಲಿ ಕಾಣುತ್ತದೆ. ನಿಂತ ಮೇಲಿನ ಕೆಲಸ ಜಾಹೀರಾತು, ರಿಪ್ಲೇಗಳ ನಡುವೆ ಮರೆಯಾಗುತ್ತದೆ.

ಆಟಗಾರ ನೆಲಕ್ಕೆ ಬಿದ್ದು ಶಿಳ್ಳೆ ಮೊಳಗಿದೊಡನೆ ಅಂಚಿನಲ್ಲಿರುವ ಅಧಿಕಾರಿ ಓಡಿಬಂದು, ಚೆಂಡು ಎಲ್ಲಿಯವರೆಗೆ ಮುಂದೆ ಹೋಗಿತ್ತೋ ಆ ಜಾಗವನ್ನು ಕಾಲಿನಿಂದ ಗುರುತಿಸುತ್ತಾರೆ. ಎದುರಾಳಿಗಳು ಹಿಂದಕ್ಕೆ ತಳ್ಳಿದ್ದರೂ ಅದು ಲೆಕ್ಕಕ್ಕಿಲ್ಲ. ಉಳಿದವರು ಚೆಂಡನ್ನು ಬಿಟ್ಟು ಆಟಗಾರರನ್ನೇ ನೋಡುತ್ತಿರಬೇಕು. ಗುದ್ದಾಟ, ತಳ್ಳಾಟ ಹುಟ್ಟಿಕೊಳ್ಳುವುದು ಹೆಚ್ಚಾಗಿ ಶಿಳ್ಳೆಯಾದ ಮೇಲೆ, ಒಬ್ಬರ ಮೇಲೊಬ್ಬರು ಬಿದ್ದವರು ಏಳುವಾಗ. ಅನಗತ್ಯ ಒರಟಾಟಕ್ಕೆ 15 ಯಾರ್ಡ್ ದಂಡ.

ಹಿಂದಿನ ಯತ್ನ ಮುಗಿದೊಡನೆ 40 ಸೆಕೆಂಡ್‌ಗಳ ಗಡಿಯಾರ ಶುರು. ಟೈಮ್‌ಔಟ್, ದಂಡದಂತಹ ಅಡಚಣೆಯಾದರೆ 25 ಸೆಕೆಂಡ್. ಅಷ್ಟರೊಳಗೆ ಆಟ ಆರಂಭಿಸದ ತಂಡ ಐದು ಯಾರ್ಡ್ ಕಳೆದುಕೊಳ್ಳುತ್ತದೆ. ಈ ಗಡಿಯಾರದ ಮೇಲೆ ಕಣ್ಣಿಡುವುದು ದೂರದಲ್ಲಿ ನಿಲ್ಲುವ ಬ್ಯಾಕ್ ಜಡ್ಜ್. ಇದೇ ಅವಧಿಯಲ್ಲಿ ಆಟಗಾರರು ಬದಲಾಗುತ್ತಿರುತ್ತಾರೆ. ದಾಳಿ ತಂಡ ಆಟಗಾರರನ್ನು ಬದಲಿಸಿದರೆ ರಕ್ಷಣಾ ತಂಡಕ್ಕೂ ಸಮಯ ಕೊಡಬೇಕು, ಅಲ್ಲಿಯವರೆಗೆ ಚೆಂಡು ಎತ್ತಲು ಬಿಡುವಂತಿಲ್ಲ. ಜತೆಗೆ ಎರಡೂ ಕಡೆ 11 ಮಂದಿಯೇ ಇದ್ದಾರಾ ಎಂದು ಪ್ರತಿ ಬಾರಿಯೂ ಎಣಿಸಬೇಕು. ಎಣಿಸಿದವರು ಒಬ್ಬರಿಗೊಬ್ಬರು ಕೈಸನ್ನೆ ಮಾಡಿ ಖಾತ್ರಿಪಡಿಸಿಕೊಳ್ಳುತ್ತಾರೆ.

ಇಷ್ಟರ ನಡುವೆ ಎಷ್ಟನೇ ಡೌನ್ ಎಂದು ನೆನಪಿಡಲು ಅವರು ನಂಬುವುದು ಒಂದು ರಬ್ಬರ್ ಬ್ಯಾಂಡನ್ನು! ಮಣಿಕಟ್ಟಿಗೆ ಕಟ್ಟಿದ ಬ್ಯಾಂಡಿನ ಕುಣಿಕೆ ಮೊದಲ ಡೌನ್‌ಗೆ ತೋರುಬೆರಳಿನಲ್ಲಿ, ನಾಲ್ಕನೆಯದಕ್ಕೆ ಕಿರುಬೆರಳಿನಲ್ಲಿ. ಕ್ರಿಕೆಟ್ ಅಂಪೈರ್ ಜೇಬಿನಲ್ಲಿ ಕೌಂಟರ್ ಒತ್ತುವಂತೆಯೇ ಇದೂ.

ಅಂಚಿನಲ್ಲಿ 10 ಯಾರ್ಡ್ ಸರಪಳಿ, ಡೌನ್ ಫಲಕ ಹಿಡಿದವರ ತಂಡ ಬೇರೆಯೇ ಇದೆ. ಇವರ ಮೇಲ್ವಿಚಾರಣೆ ಡೌನ್ ಜಡ್ಜ್‌ರದ್ದು. ‘ಹೆಡ್ ಲೈನ್ಸ್‌ಮನ್’ ಎಂಬ ಹಳೆಯ ಹೆಸರನ್ನು ಎನ್‌ಎಫ್‌ಎಲ್ ಬದಲಿಸಿದ್ದು 2017ರಲ್ಲಿ. 2021ರ ಸೂಪರ್ ಬೌಲ್‌ನಲ್ಲಿ ಈ ಹೊಣೆ ಹೊತ್ತ ಸಾರಾ ಥಾಮಸ್, ಆ ಪಂದ್ಯದ ಅಧಿಕಾರಿಯಾದ ಮೊದಲ ಮಹಿಳೆ. ಸರಪಳಿ ಜಾರಿದರೆ ಎಲ್ಲಿತ್ತೆಂದು ತಿಳಿಯಲು ಅದಕ್ಕೊಂದು ಕ್ಲಿಪ್ ಹಾಕಿರುತ್ತಾರೆ.

2025ರ ಋತುವಿನಿಂದ ಅಳತೆಗೆ ಕ್ರಿಕೆಟ್ ಅಭಿಮಾನಿಗಳಿಗೆ ಚಿರಪರಿಚಿತವಾದ ಹಾಕ್-ಐ ಬಂದಿದೆ. ಸರಪಳಿ ಮೀಸಲಾಗಿ ಉಳಿದಿದೆ. ಆದರೆ ಚೆಂಡನ್ನು ಎಲ್ಲಿಡಬೇಕೆಂದು ನಿರ್ಧರಿಸುವುದು ಇಂದಿಗೂ ಮನುಷ್ಯರ ಕಣ್ಣೇ. ಇಟ್ಟ ಜಾಗವೇ ತಪ್ಪಾಗಿದ್ದರೆ ಕ್ಯಾಮೆರಾ ಅಳೆಯುವುದು ಅದೇ ತಪ್ಪನ್ನು.

ಐದನೇ ಡೌನ್ ಎಡವಟ್ಟು 1940ರಲ್ಲೂ ನಡೆದಿತ್ತು. ಡಾರ್ಟ್‌ಮತ್ ವಿರುದ್ಧ 7-3ರಿಂದ ಗೆದ್ದಿದ್ದ ಕಾರ್ನೆಲ್, ಪಂದ್ಯದ ಚಿತ್ರೀಕರಣದಿಂದ ತಪ್ಪು ಖಚಿತವಾದ ಮೇಲೆ ತಾನೇ ಗೆಲುವು ಬಿಟ್ಟುಕೊಟ್ಟಿತು. ಫಲಿತಾಂಶ 3-0 ಎಂದು ದಾಖಲಾಯಿತು. ಕೊಲರಾಡೊ ಹಾಗೆ ಮಾಡಲಿಲ್ಲ. ಅಧಿಕಾರಿಗಳ ಅಮಾನತಾಯಿತು, 33-31 ಹಾಗೇ ಉಳಿಯಿತು. ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನೂ ಕೊಲರಾಡೊ, ಜಾರ್ಜಿಯಾ ಟೆಕ್ ಜತೆ ಹಂಚಿಕೊಂಡಿತು.