ಸೊಕ್ಕು, ಬವಳಿ ಮತ್ತು ಭ್ರಮರೋಗದ ಔಷಧಗಳು

ಶಿವಮೊಗ್ಗೆಯ ನೆರೆಯ ಸೋಗಾನೆಯಲ್ಲಿ ೨೦೨೩ನೆಯ ಇಸವಿಯ ಫೆಬ್ರವರಿ ೨೭ರಂದು ವಿಮಾನನಿಲ್ದಾಣವು ಆರಂಭವಾದಂದಿನಿಂದ ಆ ಗ್ರಾಮದ ಹೆಸರು ದೂರದವರಿಗೂ ಪರಿಚಿತವಾಗಿದೆ. ವಿಮಾನವೇರಿದವರಿಗೂ, ಆಗುಂಬೆಯ ಘಾಟಿಯ ತಿರುವುಗಳನ್ನು ಇಳಿದವರಿಗೂ ತಲೆಸುತ್ತು ಬರುವುದುಂಟು. ಆದರೆ ಅಡಕೆಯ ಸೀಮೆಯಾದ ಈ ಪ್ರಾಂತದಲ್ಲಿ ಕುಳಿತಲ್ಲಿಯೇ ಭೂಮಿಯು ತಿರುಗಿದಂತೆ ತೋರುವ ಮತ್ತೊಂದು ಬಗೆಯಿದೆ. ತಾಂಬೂಲವನ್ನು ಮೆಲ್ಲುತ್ತಿರುವಾಗ ಬೆವರೊಡೆದು, ಎದೆ ಹಿಡಿದಂತಾಗಿ, ತಲೆ ತಿರುಗಿದರೆ "ಅಡಕೆ ಸೊಕ್ಕಿತು" ಎನ್ನುವರು. ಇದನ್ನು ಬವಳಿಯೆಂದು ಯಾರೂ ಕರೆಯರು. ಆಡುಮಾತಿನ ಈ ಭೇದವು ವೈದ್ಯಶಾಸ್ತ್ರದಲ್ಲಿಯೂ ಇದ್ದಿತೇ ಎಂಬುದು ವಿಚಾರಾರ್ಹವಾಗಿದೆ.

ಇದ್ದಿತು. ಮಾಧವನಿದಾನವು ಭ್ರಮವನ್ನು ರಜೋಗುಣ, ಪಿತ್ತ, ವಾತಗಳಿಂದ ಹುಟ್ಟುವ ರೋಗವೆಂದೂ, ರೋಗಿಯು ಚಕ್ರದಂತೆ ತಿರುಗಿ ನೆಲಕ್ಕೆ ಬೀಳುವನೆಂದೂ ಹೇಳುತ್ತದೆ. ವಂಗದೇಶದ ಚಕ್ರಪಾಣಿದತ್ತನು ೧೧ನೆಯ ಶತಮಾನದಲ್ಲಿ ಇದನ್ನು ಮೂರ್ಛೆಯ ಪ್ರಕರಣದಲ್ಲಿರಿಸಿ, ದುರಾಲಭೆಯ ಕಷಾಯವನ್ನು ತುಪ್ಪದೊಡನೆ ಕುಡಿಯಬೇಕೆಂದು ವಿಧಿಸಿದನು. ಅಡಕೆಯ ಮದವನ್ನಾದರೋ ಮದ್ಯದ ಅಮಲಿನ ಪ್ರಕರಣಕ್ಕೆ ಸೇರಿಸಿ, ನೀರು ಕುಡಿಯುವುದು, ಉಪ್ಪು ತಿನ್ನುವುದು, ಕಾಡಿನ ಒಣಸಗಣಿಯನ್ನು ಮೂಸುವುದು ಇವಿಷ್ಟನ್ನೇ ಹೇಳಿದನು. ಸುಣ್ಣದಿಂದ ಬಾಯಿ ಸುಟ್ಟರೆ ಸಕ್ಕರೆಯನ್ನು ಬಾಯಲ್ಲಿರಿಸಿಕೊಳ್ಳಬೇಕೆಂಬುದನ್ನೂ ಮರೆಯಲಿಲ್ಲ! ದುರಾಲಭೆಯು ಒಣನೆಲದ ಮುಳ್ಳುಗಿಡ; ಮಳೆಯ ಮಲೆನಾಡಿನವರು ಅದಕ್ಕೆ ಗ್ರಂಧಿಗೆ ಅಂಗಡಿಯನ್ನೇ ನೆಚ್ಚಬೇಕು. ಸೊಕ್ಕಿಗೆ ಬೇಕಾದ ಉಪ್ಪುನೀರುಗಳಾದರೋ ಅಡುಗೆಮನೆಯಲ್ಲಿಯೇ ಇದ್ದುವು.

೧೬ನೆಯ ಶತಮಾನದ ಭಾವಪ್ರಕಾಶವು ಅಡಕೆಯನ್ನು ಮೋಹಕರವೆಂದು ಕರೆದು, ಹಸಿಯದು ದೋಷಕಾರಿ, ಬೇಯಿಸಿದುದು ದೋಷಹರವೆಂದು ವಿವೇಚಿಸಿದೆ. ಮಲೆನಾಡಿಗರು ಅಡಕೆಯನ್ನು ಸುಲಿದು, ಬೇಯಿಸಿ, ಚೊಗರು ಕೊಟ್ಟು ಕೆಂಪಡಕೆ ಮಾಡುವುದು ಬಣ್ಣಕ್ಕಾಗಿ, ಬಾಳಿಕೆಗಾಗಿ. ಆದರೂ ಸೊಕ್ಕಿಗೆ ಕಾರಣವಾದ ಅರಿಕೋಲೀನ್ ಎಂಬ ದ್ರವ್ಯದ ಒಂದಂಶವು ಆ ನೀರಿನಲ್ಲಿ ಇಳಿದುಹೋಗುತ್ತದೆ.

ಕಾರಣವನ್ನು ವಿಂಗಡಿಸುವ ಈ ಕಾರ್ಯವು ಯೂರೋಪಿನಲ್ಲಿ ತಡವಾಗಿ ನಡೆಯಿತು. ತಲೆಸುತ್ತೆಂದರೆ ಮಿದುಳಿಗೆ ರಕ್ತವೇರಿದುದೆಂದು ಭಾವಿಸಿ ನೆತ್ತರು ತೆಗೆಯುತ್ತಿದ್ದ ಕಾಲದಲ್ಲಿ, ೧೮೬೧ರಲ್ಲಿ, ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯೇರನು ಅದರ ಮೂಲವು ಒಳಕಿವಿಯಲ್ಲಿರಬಹುದೆಂದು ತೋರಿಸಿದನು. ಔಷಧವು ದೊರೆತುದು ಆಕಸ್ಮಿಕವಾಗಿ. ೧೯೪೭ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ಪಿತ್ತಗಂಧೆಗೆಂದು ಡೈಮೆನ್‌ಹೈಡ್ರಿನೇಟನ್ನು ಸೇವಿಸಿದ ಓರ್ವ ಸ್ತ್ರೀಯು, ಟ್ರಾಮಿನಲ್ಲಿ ತನಗೆ ಬರುತ್ತಿದ್ದ ಓಕರಿಕೆಯು ನಿಂತುದನ್ನು ವೈದ್ಯರಿಗೆ ತಿಳಿಸಿದಳು. ಬಳಿಕ ಸಿನ್ನರಿಜೀನ್, ಬೀಟಾಹಿಸ್ಟೀನ್ ಮೊದಲಾದುವು ಬಂದುವು.

ಇವು ಎಲ್ಲ ಬಗೆಯ ತಲೆಸುತ್ತಿಗೂ ಮದ್ದೆಂಬ ನಂಬಿಕೆಯು ಮಾತ್ರ ಸಾಧುವಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ ಕೆಲವು ಕ್ಷಣ ಬರುವ ಸುತ್ತಿಗೆ ಕಾರಣವು ಒಳಕಿವಿಯಲ್ಲಿ ಸ್ಥಾನ ತಪ್ಪಿದ ಸುಣ್ಣದ ಕಣಗಳು. ೧೯೫೨ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬವರು ಇದನ್ನು ಗುರುತಿಸುವ ಪರೀಕ್ಷೆಯನ್ನು ವರ್ಣಿಸಿದರು. ತಲೆಯನ್ನು ಕ್ರಮವಾಗಿ ಹೊರಳಿಸಿ ಕಣಗಳನ್ನು ಸ್ವಸ್ಥಾನಕ್ಕೆ ಸೇರಿಸುವ ವಿಧಾನವನ್ನು ಜಾನ್ ಎಪ್ಲಿಯು ೧೯೯೨ರಲ್ಲಿ ಪ್ರಕಟಿಸಿದನು. ಅಲ್ಲಿ ಗುಳಿಗೆಗೆ ಕೆಲಸವಿಲ್ಲ. ಇತರ ಬಗೆಗಳಲ್ಲಿಯೂ ಸುತ್ತನ್ನು ಅಡಗಿಸುವ ಗುಳಿಗೆಗಳನ್ನು ಕೆಲವು ದಿನಗಳಿಗೆ ಮೀರಿ ನುಂಗಿದರೆ, ಮಿದುಳು ತಾನಾಗಿ ಸಮತೋಲವನ್ನು ಕಲಿತುಕೊಳ್ಳುವುದು ತಡವಾಗುತ್ತದೆ. ತಲೆಸುತ್ತಿನೊಡನೆ ಮಾತು ತೊದಲಿದರೆ, ಇಲ್ಲವೆ ಒಂದು ಮಗ್ಗುಲಿನ ಕೈಕಾಲು ಸೋತರೆ, ಅದು ಕಿವಿಯದೂ ಅಲ್ಲ, ಅಡಕೆಯದೂ ಅಲ್ಲ. ಮಿದುಳಿನ ಆಘಾತವಿರಬಹುದಾದುದರಿಂದ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಸಾಗಿಸತಕ್ಕದ್ದು.