ಸಣ್ಣ ಶಕ್ತಿಯ ರೇಡಿಯೋ: ಮೈಸೂರಿನಿಂದ ನಮ್ಮ ಶಾಲೆಯ ವಿಜ್ಞಾನ ಕೋಣೆಯವರೆಗೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಲೇಖನವೊಂದನ್ನು ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ ಸ್ವಲ್ಪ ಹಿಂಜರಿದೆ. ಶಾಲೆಗೆ ಜಾಗ ಕೊಟ್ಟವರು, ಕಟ್ಟಡ ಕಟ್ಟಿಸಿದವರು, ಮೊದಲ ಎಸ್.ಎಸ್.ಎಲ್.ಸಿ. ಬ್ಯಾಚು, ಇವನ್ನೆಲ್ಲ ನನಗಿಂತ ಹಿರಿಯರು ಬಲ್ಲರು. ನಾನು ಬಲ್ಲದ್ದು ವಿಜ್ಞಾನ ಕೋಣೆಯ ಕಿಟಕಿಯ ಬಳಿ ಇದ್ದ ಒಂದು ಕಟ್ಟಿಗೆಯ ಹಲಗೆ, ಅದರ ಮೇಲಿನ ಎಂಟು–ಹತ್ತು ಬಿಡಿಭಾಗಗಳ ರೇಡಿಯೋ. ಆ ಹಲಗೆಯ ಹಿಂದೆಯೂ ಒಂದು ಇತಿಹಾಸವಿದೆ, ಅದನ್ನೇ ಬರೆಯುತ್ತೇನೆ.

2002ರಲ್ಲಿ ನಾವು ಎಂಟನೇ ತರಗತಿ. ವಿಜ್ಞಾನದ ಸರ್ ಒಂದು ದಿನ ಪಿ.ವಿ.ಸಿ. ಪೈಪಿನ ತುಂಡು ತಂದು, 'ಇದಕ್ಕ ತಂತಿ ಸುತ್ತೋಣು, ಧಾರವಾಡ ಕೇಳಸ್ತೇನಿ' ಅಂದರು. ತಂತಿಗೆ ಕೊರತೆ ಇರಲಿಲ್ಲ. ತಿಕೋಟಾ ಭಾಗದಲ್ಲಿ ದ್ರಾಕ್ಷಿ ತೋಟಗಳಿದ್ದಲ್ಲಿ ಬೋರ್‌ವೆಲ್, ಬೋರ್‌ವೆಲ್ ಇದ್ದಲ್ಲಿ ಸುಟ್ಟ ಮೋಟರು, ಸುಟ್ಟ ಮೋಟರು ಇದ್ದಲ್ಲಿ ರಿವೈಂಡಿಂಗ್ ಅಂಗಡಿ. ಅಲ್ಲಿ ಉಳಿದ ತಾಮ್ರದ ತಂತಿ ನಮ್ಮ ಕಾಯಿಲ್ ಆಯಿತು. ಜರ್ಮೇನಿಯಂ ಡಯೋಡು, ಗ್ಯಾಂಗು, ಇಯರ್‌ಫೋನುಗಳನ್ನು ಸರ್ ಬಿಜಾಪುರದ (ಆಗಿನ್ನೂ ವಿಜಯಪುರ ಆಗಿರಲಿಲ್ಲ) ಗಾಂಧಿ ಚೌಕದ ಕಡೆಯ ರಿಪೇರಿ ಅಂಗಡಿಯಿಂದ ತಂದರು. ಮಾಳಿಗೆಯಿಂದ ಬೇವಿನ ಮರಕ್ಕೆ ಏರಿಯಲ್ ಕಟ್ಟಿದೆವು.

ಏನೂ ಕೇಳಿಸಲಿಲ್ಲ. ಡಯೋಡಿನ ರೇಡಿಯೋಕ್ಕೆ ಬ್ಯಾಟರಿ ಇರುವುದಿಲ್ಲ. ಏರಿಯಲ್‌ಗೆ ಬಂದು ಬಿದ್ದ ಅಲೆಯ ಶಕ್ತಿಯೇ ಇಯರ್‌ಫೋನನ್ನು ನುಡಿಸಬೇಕು. ಧಾರವಾಡ ಕೇಂದ್ರದ್ದು 200 ಕಿಲೋವ್ಯಾಟ್ ಪ್ರೇಷಕವಾದರೂ ನಮ್ಮೂರಿಗೆ ಬರುವಷ್ಟರಲ್ಲಿ ಅದು ಸೊರಗಿರುತ್ತದೆ. ಮರುವಾರ ಸರ್ ಒಂದು ಟ್ರಾನ್ಸಿಸ್ಟರ್, ಒಂದು ಪೆನ್ಸಿಲ್ ಸೆಲ್ ಸೇರಿಸಿದರು. ಸಂಜೆ ಶಾಲೆ ಬಿಟ್ಟ ಮೇಲೆ ಒಬ್ಬೊಬ್ಬರಾಗಿ ಇಯರ್‌ಫೋನು ಕಿವಿಗಿಟ್ಟುಕೊಂಡೆವು. ಸಣ್ಣ ದನಿಯಲ್ಲಿ, ಆದರೆ ಸ್ಪಷ್ಟವಾಗಿ ಧಾರವಾಡ ಬಂತು. ಬಬಲೇಶ್ವರ ಕಡೆಯಿಂದ ಬರುತ್ತಿದ್ದ ಗೆಳೆಯನೊಬ್ಬ ಆ ಇಯರ್‌ಫೋನು ಬಿಡಲೊಲ್ಲದೆ ಕೊನೆಯ ಬಸ್ಸು ತಪ್ಪಿಸಿಕೊಂಡ.

ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಕನ್ನಡ ನಾಡಿನ ರೇಡಿಯೋ ಕಥೆ ಅದಕ್ಕೂ ಹಳೆಯದು, ಮತ್ತು ಬಹಳ ಸಣ್ಣದಾಗಿ ಆರಂಭವಾದದ್ದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಪ್ರಸಾರ ಆರಂಭಿಸಿದರು. ಅವರ ಯಂತ್ರದ ಶಕ್ತಿ 30 ವ್ಯಾಟ್, ಅಂದರೆ ಮನೆಯ ಸೀಲಿಂಗ್ ಫ್ಯಾನ್ ತಿನ್ನುವ ಕರೆಂಟಿನ ಅರ್ಧವೂ ಅಲ್ಲ. ಅವರು ಎಂಜಿನಿಯರ್ ಅಲ್ಲ ಎಂಬುದು ನನಗೆ, ಬಿ.ಇ. ಮಾಡಿದವನಿಗೆ, ಇಂದಿಗೂ ನಾಚಿಕೆ ತರುವ ಸಂಗತಿ. ಮುಂದೆ ಮೈಸೂರು ಸಂಸ್ಥಾನ ಆ ಕೇಂದ್ರವನ್ನು ವಹಿಸಿಕೊಂಡಿತು. ಅದರ 'ಆಕಾಶವಾಣಿ' ಎಂಬ ಹೆಸರೇ ಸ್ವಾತಂತ್ರ್ಯಾನಂತರ ಇಡೀ ದೇಶದ ರೇಡಿಯೋದ ಹೆಸರಾಯಿತು.

ಇನ್ನು ನನ್ನ ತಪ್ಪಿನ ಕಥೆ. ಒಂಬತ್ತನೇ ತರಗತಿಯಲ್ಲಿ ನಾನೂ ಆ ಗೆಳೆಯನೂ ಸೇರಿ ಒಂದೇ ಟ್ರಾನ್ಸಿಸ್ಟರಿನ ಎಫ್.ಎಂ. ಪ್ರೇಷಕ ಮಾಡಿದೆವು. ಸ್ನೇಹ ಸಮ್ಮೇಳನದ ಹಾಡುಗಳನ್ನು ಊರ ಚಾವಡಿಯವರೆಗೆ ಕೇಳಿಸಬೇಕೆಂಬ ಹಂಚಿಕೆ. ಸರ್‌ಗೆ ಗೊತ್ತಾಯಿತು. ಬಂದವರೇ ಬ್ಯಾಟರಿ ಕಿತ್ತು, ಡಬ್ಬಿಯನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿದರು. 'ಕೇಳಾಕ ಅಡ್ಡಿ ಇಲ್ಲ, ಕಳಸಾಕ ಲೈಸೆನ್ಸ್ ಬೇಕು' ಎಂದಷ್ಟೇ ಹೇಳಿದರು. ಮಾಡಲು ಕಲಿಸಿದವರೇ ಕಸಿದುಕೊಂಡರಲ್ಲ ಎಂದು ನನಗೆ ಸಿಟ್ಟು. ಎಸ್.ಎಸ್.ಎಲ್.ಸಿ. ಮುಗಿಯುವವರೆಗೂ ಅವರೊಡನೆ ಮನಬಿಚ್ಚಿ ಮಾತಾಡಲಿಲ್ಲ.

ಸರ್ ಹೇಳಿದ್ದು 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದ ಬಂದ ಕಟ್ಟುಪಾಡು ಎಂಬುದು ಬೆಂಗಳೂರಿನಲ್ಲಿ ನೌಕರಿ ಸೇರಿ, ಹವ್ಯಾಸಿ ರೇಡಿಯೋ ಪರೀಕ್ಷೆಗೆ ಓದುವಾಗ ತಿಳಿಯಿತು. ಈ ಹವ್ಯಾಸದವರನ್ನು 'ಹ್ಯಾಮ್' ಎನ್ನುತ್ತಾರೆ. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆ ಪರೀಕ್ಷೆ ನಡೆಸಿ ಲೈಸೆನ್ಸ್ ಕೊಡುತ್ತದೆ. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕೂಡಬಹುದು. ಅಂದರೆ ನಮ್ಮ ಶಾಲೆಯ ಎಂಟನೇ ತರಗತಿಯವರಿಗೂ ದಾರಿ ಇದೆ. ಸರ್ ನಮಗೆ ಅದನ್ನು ಹೇಳಲಿಲ್ಲ. ಅವರಿಗೂ ಆಗ ಯಾರೂ ಹೇಳಿರಲಿಕ್ಕಿಲ್ಲ.

ಹ್ಯಾಮ್‌ಗಳಲ್ಲಿ 5 ವ್ಯಾಟ್ ಮೀರದಂತೆ ಮಾತಾಡುವವರದೇ ಒಂದು ಪಂಗಡ. ಧಾರವಾಡದ ಪ್ರೇಷಕಕ್ಕೆ ಹೋಲಿಸಿದರೆ ನಲವತ್ತು ಸಾವಿರದಲ್ಲಿ ಒಂದು ಪಾಲು ಶಕ್ತಿ. ಇಷ್ಟರಲ್ಲಿ ದೂರ ಹೋಗುವುದು ಹೇಗೆ? ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಇಟ್ಟು ಮೆಲ್ಲಗೆ ಆಡಿದ ಮಾತು ಆಚೆ ಬದಿಗೆ ಕೇಳುತ್ತದಲ್ಲ, ಸುಮಾರು ಹಾಗೆ. ಭೂಮಿಯ ಮೇಲೆ ನೂರಾರು ಕಿ.ಮೀ. ಎತ್ತರದಲ್ಲಿರುವ ಅಯಾನುಗಳ ಪದರ 7 ಮೆಗಾಹರ್ಟ್ಸ್‌ನಂಥ ಅಲೆಗಳನ್ನು ಕೆಳಕ್ಕೆ ಬಾಗಿಸಿ ಕಳಿಸುತ್ತದೆ. ಮಾತಿನ ಬದಲು ಮೋರ್ಸ್ ಸಂಕೇತ ಕಳಿಸಿದರೆ ಇದ್ದಷ್ಟು ಶಕ್ತಿಯೆಲ್ಲ ಒಂದೇ ಇಕ್ಕಟ್ಟಾದ ಜಾಗದಲ್ಲಿ ಸೇರಿ, ಗದ್ದಲದಲ್ಲೂ ಕಿವಿಗೆ ಸಿಗುತ್ತದೆ.

ಸಲಕರಣೆಯೂ ಸರಳ. 1976ರಲ್ಲಿ ಅಮೆರಿಕದ ಡಗ್ ಡಿಮಾ ಎಂಬ ಹ್ಯಾಮ್ ಮೀನಿನ ಖಾಲಿ ಡಬ್ಬಿಯ ಮೇಲೆ ಎರಡೇ ಟ್ರಾನ್ಸಿಸ್ಟರಿನ ಪ್ರೇಷಕ ಕೂರಿಸಿ ತೋರಿಸಿದರು. ನಮ್ಮ ಪಕ್ಕದ ಹೈದರಾಬಾದಿನ ಅಷ್ಹರ್ ಫರ್ಹಾನ್ ಸುಮಾರು ಇಪ್ಪತ್ತು ವರ್ಷಗಳ ಹಿಂದೆ 'ಬಿಟ್‌ಎಕ್ಸ್' ಎಂಬ ಯಂತ್ರ ರೂಪಿಸಿದರು. ವಿದೇಶಿ ಭಾಗಗಳು ಸಿಗದವರೂ ಮಾಡಿಕೊಳ್ಳಲೆಂದು ಅವರು ಕಾಯಿಲ್ ಸುತ್ತಲು ಬಳಸಿದ್ದು ನೀರಿನ ನಲ್ಲಿಯ ವಾಷರ್! ನಮ್ಮ ಪೈಪಿನ ತುಂಡು ನೆನಪಾಗಿ ಅಂದು ಒಬ್ಬನೇ ನಕ್ಕೆ.

ಆಕಾಶದಲ್ಲೂ ಇದೇ ಮಿತವ್ಯಯ. 2005ರ ಮೇ 5ರಂದು ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹದ ತೂಕ 42.5 ಕೆ.ಜಿ., ಅದರ ಪ್ರೇಷಕದ ಶಕ್ತಿ ಸುಮಾರು 1 ವ್ಯಾಟ್. 600 ಕಿ.ಮೀ.ಗೂ ಹೆಚ್ಚು ಎತ್ತರದಿಂದ ಅದು 2014ರವರೆಗೆ ಹವ್ಯಾಸಿಗಳ ಮಾತನ್ನು ದಾಟಿಸುತ್ತಿತ್ತು.

ಲೈಸೆನ್ಸ್ ಬಂದ ಮೇಲೆ ನಾನು ಮೊದಲು ಮಾಡಿದ್ದು 'ಪಿಕ್ಸಿ' ಎಂಬ ಸಣ್ಣ ಸೆಟ್. ಎರಡು ಟ್ರಾನ್ಸಿಸ್ಟರ್, ಒಂದು ಆಡಿಯೋ ಐ.ಸಿ., 7.023 ಮೆಗಾಹರ್ಟ್ಸ್ ಹರಳು, ಒಂದಿಷ್ಟು ಚಿಲ್ಲರೆ ಭಾಗ. ಕಳಿಸುವ ಟ್ರಾನ್ಸಿಸ್ಟರೇ ಕೇಳುವಾಗಲೂ ದುಡಿಯುತ್ತದೆ. ಮನೆಯಲ್ಲಿ ಒಬ್ಬನೇ ಇದ್ದಾಗ ಎಲ್ಲ ಕೆಲಸ ಮಾಡುವ ಮಗನ ಹಾಗೆ. ಶಕ್ತಿ ಅರ್ಧ ವ್ಯಾಟ್ ಆಸುಪಾಸು. ಮೂರು ವಾರ ಯಾರೂ ಉತ್ತರಿಸಲಿಲ್ಲ. ಏರಿಯಲ್ಲಿನ ಉದ್ದ ತಪ್ಪಿತ್ತು. ಅದನ್ನು 20 ಮೀಟರಿಗೆ ಸರಿಪಡಿಸಿದ ಮೇಲೆ ಒಂದು ಬೆಳಿಗ್ಗೆ ಕೇರಳದಿಂದ ಉತ್ತರ ಬಂತು. ಆ ಕ್ಷಣ ಸರ್‌ಗೆ ಫೋನ್ ಮಾಡಬೇಕೆನಿಸಿತು. ಊರಿಗೆ ಹೋದಾಗ ಎದುರಿಗೇ ಹೇಳೋಣವೆಂದು ಬಿಟ್ಟೆ. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಆ ವರ್ಷವೇ ಅವರು ತೀರಿಕೊಂಡರು.

ಕಳೆದ ದಸರಾ ರಜೆಗೆ ಬಂದಾಗ ಶಾಲೆಗೆ ಹೋಗಿದ್ದೆ. ಬೇವಿನ ಮರ ಇದೆ. ಬೀರು ಬದಲಾಗಿದೆ, ಹಲಗೆಯಾಗಲಿ ನಮ್ಮ ಡಬ್ಬಿಯಾಗಲಿ ಸಿಗಲಿಲ್ಲ. ಅದೇ ನಕ್ಷೆಯಂತೆ ಹೊಸದೊಂದು ರೇಡಿಯೋ ಮಾಡಿ ತಂದಿದ್ದೆ, ತಂತಿ ಮಾತ್ರ ತಿಕೋಟಾದ ರಿವೈಂಡಿಂಗ್ ಅಂಗಡಿಯದೇ. ಮಾಳಿಗೆಯಿಂದ ಮರಕ್ಕೆ ಏರಿಯಲ್ ಕಟ್ಟಲು ಎಂಟನೇ ತರಗತಿಯ ಇಬ್ಬರು ಹುಡುಗಿಯರು ಏಣಿ ಹಿಡಿದರು. ಕೇಳುವ ಯಂತ್ರವನ್ನು ವಿಜ್ಞಾನ ಕೋಣೆಯಲ್ಲಿಟ್ಟು ಬಂದಿದ್ದೇನೆ. ಕಳಿಸುವ ಯಂತ್ರವನ್ನು ಬೆಂಗಳೂರಿಗೆ ವಾಪಸ್ ಒಯ್ದೆ. ಲೈಸೆನ್ಸ್ ಇರುವುದು ನನ್ನ ಹೆಸರಿನಲ್ಲಿ. ಪರೀಕ್ಷೆಯ ಪಠ್ಯಕ್ರಮದ ಪ್ರತಿಯೊಂದನ್ನು ಮಾತ್ರ ಆ ಹುಡುಗಿಯರು ಕೇಳಿ ಇಸಿದುಕೊಂಡರು.